ಅಕ್ಕನ ಚಿನ್ನ

ಅಕ್ಕನ ಚಿನ್ನವನ್ನೂ ಅಕ್ಕಸಾಲಿ ಬಿಡನಂತೆ.
ಗಾಂಧಿ ಬಜಾರಿನಲ್ಲಿ ಈ ಗಾದೆ ಹೇಳಿ ನಗುವವರು
ನಮ್ಮ ಅಂಗಡಿ ಮುಂದೆ ಬಂದಾಗ ದನಿ ತಗ್ಗಿಸುತ್ತಾರೆ.
ತಗ್ಗಿಸಬೇಕಿಲ್ಲ. ನಿಜವೇ ಅದು.
ಹದಿನಾಲ್ಕು ದಿನಕ್ಕೊಮ್ಮೆ ಕದ ಎಳೆದುಕೊಂಡು
ನನ್ನ ತಮ್ಮ ಮೌನೇಶ ನನ್ನದನ್ನು ಕದಿಯುತ್ತಾನೆ.
ಹದಿನಾಲ್ಕು ಬಿಳಿ ಮಾತ್ರೆ,
ಒಂದೊಂದೂ ಸರಿಸುಮಾರು ಒಂದು ಗುಲಗಂಜಿ ತೂಕ.
ಸಣ್ಣ ಅರದಿಂದ ಅಂಚು ಉಜ್ಜಿ, ತಕ್ಕಡಿಗಿಟ್ಟು,
ಉಸಿರು ತಾಗದಂತೆ ಮುಖ ತಿರುಗಿಸಿ,
ಮತ್ತೆ ಉಜ್ಜಿ.

ಹತ್ತೊಂಬತ್ತು ವರ್ಷದ ಹಿಂದೆ
ಗೋಡೆಯೊಳಗೆ ಯಾರೋ ನನ್ನ ಹೆಸರು ಕೆತ್ತುತ್ತಿದ್ದರು.
ಮಾತ್ರೆ ಅವರ ಉಳಿ ನಿಲ್ಲಿಸಿತು. ಇಲ್ಲವೆನ್ನಲಾರೆ.
ಅದರ ಜೊತೆಗೇ ಇನ್ನೂ ಏನೇನೋ ನಿಂತಿತು:
ಮುಟ್ಟು, ಸಿಟ್ಟು, ಪಾತ್ರೆ ತೊಳೆಯುವಾಗಿನ ಗುನುಗು,
ಅಪ್ಪ ಹೋದ ದಿನದ ಅಳು.

ಮದುವೆಯಾಗದವಳ ಮೊಲೆಯಲ್ಲಿ ಹಾಲು ಬಂತು.
ಒದ್ದೆ ರವಿಕೆ ಅಮ್ಮನಿಗೆ ತೋರಿಸಿದೆ.
ಇದು ಮಾತ್ರೆಯಿಂದ, ಎಂದು ಡಾಕ್ಟರು ಹೇಳುವಷ್ಟರಲ್ಲಿ
ಮೂರು ತಿಂಗಳಾಗಿತ್ತು,
ಅಮ್ಮ ಕೇಳಬಾರದ್ದನ್ನು ಕೇಳಿಯಾಗಿತ್ತು.

ಆಮೇಲೆ ಬಾಯಿ.
ನಾಲಿಗೆ ತಾನಾಗಿ ಹೊರಳುತ್ತದೆ, ದವಡೆ ಜಗಿಯುತ್ತದೆ.
ತೀರ್ಥಹಳ್ಳಿ ಬಸ್ಸಿನಲ್ಲಿ ಪಕ್ಕದ ಹೆಂಗಸು
ಸುಣ್ಣದ ಡಬ್ಬಿ ಚಾಚಿ, ಒಂದು ಎಲೆ ಇದ್ರೆ ಕೊಡಿ ಅಂದಳು.
ನಾನು ಹಾಕುವುದಿಲ್ಲ ಅಂದೆ, ಜಗಿಯುತ್ತಲೇ.
ಜಿಪುಣಿ ಅಂದುಕೊಂಡಿರಬೇಕು,
ಮಂಡಗದ್ದೆ ದಾಟಿದರೂ ಮಾತಾಡಲಿಲ್ಲ.

ಒಮ್ಮೆ ಎಲ್ಲವನ್ನೂ ಒಟ್ಟಿಗೆ ಬಿಟ್ಟೆ.
ಹಳೇ ಸೇತುವೆಯ ಮೇಲಿಂದ ಎರಡು ಪಟ್ಟಿ ತುಂಗೆಗೆ.
ಮೂರನೇ ದಿನ ವಾಂತಿ. ಐದನೇ ದಿನ ನಿದ್ದೆ ಹೋಯಿತು.
ಎಂಟನೇ ದಿನ ಕಾಲಿನ ಮೂಳೆಯೊಳಗೆ ಇರುವೆ:
ಕೂರಲಾರೆ, ನಿಲ್ಲಲಾರೆ, ಮಲಗಲಾರೆ.
ನಡೆದೆ. ಕೋಟೆ ರಸ್ತೆ, ಸೇತುವೆ, ಮತ್ತೆ ಕೋಟೆ ರಸ್ತೆ,
ಹಾಲಿನ ವ್ಯಾನಿನವನು ಎರಡು ಸಲ ನಿಲ್ಲಿಸಿ
ಎಲ್ಲಿಗೆ ಬಿಡಲಿ ಅಕ್ಕ ಎಂದು ಕೇಳಿದ.
ಗೋಡೆಯೊಳಗೆ ಉಳಿ ಮತ್ತೆ ಶುರುವಾಯಿತು.
ನೋಡಿ, ಕಾಯಿಲೆ ಮರಳಿತು, ಅಂದರು.
ಅದು ಕಾಯಿಲೆಯೋ, ಬೇರು ಕಿತ್ತಲ್ಲಿನ ಗಾಯವೋ,
ಒರೆಗಲ್ಲಿಗೆ ಹಚ್ಚಿ ನೋಡುವವರು ಆಗ ಯಾರೂ ಇರಲಿಲ್ಲ.
ಒಂದಿದ್ದದ್ದು ಎರಡಾಯಿತು.

ಈಗಿನ ಡಾಕ್ಟರಮ್ಮ ಸಾಗರದ ಕಡೆಯವಳು. ಚಿಕ್ಕ ಪ್ರಾಯ.
ನನ್ನ ಬಾಯಿಯನ್ನು ಬಹಳ ಹೊತ್ತು ನೋಡಿದಳು.
ಬಿಡಬಹುದು, ಆದರೆ ತುಂಬಾ ನಿಧಾನ, ಅಂದಳು.
ಇದಕ್ಕಿಂತ ಚಿಕ್ಕ ಮಾತ್ರೆ ಕಂಪನಿ ಮಾಡುವುದಿಲ್ಲ,
ಏನು ಮಾಡೋಣ ಎಂದು ತನ್ನನ್ನೇ ಕೇಳಿಕೊಂಡಳು.
ಬಾಗಿಲ ಹತ್ತಿರ ಚಪ್ಪಲಿ ಕಾಯುತ್ತಿದ್ದ ಮೌನೇಶ,
ಆಸ್ಪತ್ರೆಯಲ್ಲಿ ಎಂದೂ ಬಾಯಿಬಿಡದವನು,
ನಮ್ಮಲ್ಲಿ ತಕ್ಕಡಿ ಉಂಟು, ಅಂದ.

ಉದುರಿದ ಪುಡಿಯನ್ನು ಅವನು ಎಸೆಯುವುದಿಲ್ಲ.
ಬ್ರಷ್ಷಿನಿಂದ ಕೂಡಿಸಿ, ಕಾಗದದಲ್ಲಿ ಮಡಿಸಿ,
ತಾರೀಖು ಬರೆದು ಡ್ರಾಯರಿನಲ್ಲಿಡುತ್ತಾನೆ.
ಚಿನ್ನದ ಕೈ; ಪುಡಿ ಬಿಸಾಡಲು ಬರುವುದಿಲ್ಲ.
ಮೂವತ್ತೊಂದು ಪೊಟ್ಟಣವಾಗಿದೆ.
ನಡುವೆ ಎರಡು ಸಲ ಹಿಂದಕ್ಕೆ ಹೋದದ್ದೂ ಉಂಟು.
ಆ ತಿಂಗಳ ಪೊಟ್ಟಣಗಳು ತೆಳ್ಳಗಿವೆ.

ಮೊನ್ನೆ ಹುಣಸೆಹಣ್ಣು ಕಿವುಚುವಾಗ ಅಳು ಬಂತು.
ಅಪ್ಪನಿಗೆ. ಹನ್ನೊಂದು ವರ್ಷ ತಡವಾಗಿ.
ಮೂಗು ಸೋರಿ, ಸೆರಗು ನೆನೆದು, ಸದ್ದು ಮಾಡಿ ಅತ್ತೆ.
ಮೌನೇಶ ಅರ ಹಿಡಿದೇ ಓಡಿಬಂದ, ಮುಖ ಬಿಳಿಚಿ:
ಒಂದು ಹೆಜ್ಜೆ ಹಿಂದಕ್ಕೆ ಹೋಗೋಣವಾ ಅಕ್ಕ?
ಬೇಡ, ಅಂದೆ. ಇದು ನನ್ನದೇ.

ಬಾಯಿ ಮಾತ್ರ ಜಗಿಯುತ್ತಲೇ ಇತ್ತು.
ಅದು ಹೋಗದೆಯೂ ಇರಬಹುದಂತೆ.
ಸಂಜೆ ಬರುವಾಗ ಎಲೆ ತಾ, ಅಂದೆ, ಒಂದು ಕಟ್ಟು.
ಸುಣ್ಣ ಸ್ವಲ್ಪ.
ಹೇಗೂ ಆಡುವ ದವಡೆ,
ಒಳಗೆ ಏನಾದರೂ ಇರಲಿ.